ಹೊಲದಾಗ ಕುಂತ ಗಿರಾಕಿ

ರೊಕ್ಕ ಕಟ್ಟಿ ಬೆತ್ತಲೆ ವಿಡಿಯೋ ನೋಡಾವ್ರು ಎಂಥವ್ರು ಅಂತ ಸರ್ವೇಕ್ಕ ಗಡಿ ಆಚಿನ ವಲಾಂಡಿ ಊರಿಗಿ ಹೋಗಿದ್ದೆ. ಮೊದಲೇ ಒಪ್ಪಿಕೊಂಡಿದ್ದ ಒಬ್ಬರ ಮನ್ಯಾಗ ಅವರ ಹೆಂಡ್ತಿ ಹಿಂದಿನ ಹೊಲದ ಕಡಿ ಕೈ ಮಾಡಿದ್ರು.

"ನಮ್ಮನಿಯವ್ರು ಅಲ್ಲೇ ಕುಂತಾರ್ರೀ."

ಹೋಗಿ ನೋಡಿದ್ರ ಹೊಸಾ ಸಮಾಧಿ. ನಮ್ಮ ಮಂದಿ ಸತ್ತವ್ರನ್ನ ಕೂಡಿಸೇ ಹೂಳ್ತೀವಿ, ಅದು ನನಗ ನೆನಪಾಗಬೇಕಿತ್ತು.

ಅಷ್ಟರಾಗ ನನ್ನ ಹಿಂದ ಬಂದಿದ್ದ ಅಕ್ಕಾರ ಕೈಯಾನ ಗಂಡನ ಫೋನ್ ಟಿಣ್ ಅಂತು. ಗಂಡ ನೋಡ್ತಿದ್ದ ವಿಡಿಯೋದಾಕಿ, ಊಟ ಆತೇನ್ರೀ ಅಂತ ಮರಾಠಿಯಾಗ ಕೇಳಿದ್ಳು. ಅಕ್ಕಾರು ಸಮಾಧಿ ಮುಂದಿನ ಎಡಿ ತಾಟು ನೋಡಿದ್ರು. ಖಾಲಿ ಇತ್ತು. "ಆತು" ಅಂತ ಬರೆದ್ರು.

"ತೀರಿಕೊಂಡಾರಂತ ಆಕಿಗಿ ಹೇಳಬಾರದೇನ್ರೀ?"

"ಆಕಿ ಒಬ್ಬಾಕಿ ಪಾಲಿಗರ ಅವ್ರು ಇರ್ಲಿ ಬಿಡ್ರಿ."

‘ಗಂಡು, ಲಗ್ನ ಆಗ್ಯಾದ, ದಿನಾ ಬಳಸ್ತಾರ’ ಅಂತ ತುಂಬಿಕೊಂಡು ಬಂದೆ. ಜೀವಂತ ಅದಾರೋ ಇಲ್ಲೋ ಅಂತ ನಮ್ಮ ಫಾರ್ಮು ಕೇಳಂಗಿಲ್ಲ.