ಕೂಸು ನೋಡಲು ಬಂದವರ ಕೈಗೆ ನೀರು

ಆ ದಿನ ಸುಡುಬಿಸಿಲಿತ್ತು ಎಂದು ಬರೆದೆ, ಹೊಡೆದು ಹಾಕಿದೆ. ಬಿಸಿಲಿತ್ತೋ ಮೋಡವಿತ್ತೋ ನನಗೆ ನೆನಪಿಲ್ಲ. ನೆನಪು ಬರೆಯುವವರೆಲ್ಲ ಮೊದಲು ಹವಾಮಾನ ಹೇಳುತ್ತಾರೆಂದು ನಾನೂ ಹೇಳಹೊರಟಿದ್ದೆ, ಅಷ್ಟೇ.

ಖಾತ್ರಿ ಇರುವುದು ಇಷ್ಟು: ನವಲಗುಂದದ ಹತ್ತಿರ ನಮ್ಮೂರಿನ ಮನೆಯ ಪಡಸಾಲೆಯಲ್ಲಿ ತೊಟ್ಟಿಲಿತ್ತು, ಅದರಲ್ಲಿ ತಂಗಿಯ ಕೂಸು. ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬಂದ ಕೂಸು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: ಮುಟ್ಟುವವರೆಲ್ಲ ಸಾಬೂನು ಹಚ್ಚಿ ಕೈ ತೊಳೆಯಬೇಕು, ಈ ಕೂಸಿಗೆ ಸಣ್ಣ ನೆಗಡಿಯೂ ಸಣ್ಣದಲ್ಲ. ಆ ಮಾತು ಕೇಳಿದಾಗಿನಿಂದ ತಂಗಿ ನಿದ್ದೆ ಬಿಟ್ಟಿದ್ದಳು. ಕೂಸು ಸೀನಿದರೆ ಇವಳ ಮುಖ ಬಿಳಿಚುತ್ತಿತ್ತು. ಆದರೆ ನೋಡಲು ಬರುವ ಹಿರಿಯರಿಗೆ ಕೈ ತೊಳೆಯಿರಿ ಎನ್ನಲು ಬಾಯಿ ಬರುತ್ತಿರಲಿಲ್ಲ.

"ಅಣ್ಣಾ, ನೀ ಹೇಳು," ಎಂದಳು. "ನಿನ್ನ ಮ್ಯಾಲೆ ಯಾರೂ ಸಿಟ್ಟಾಗಂಗಿಲ್ಲ. ಹೆಂಗೂ ನಿನ್ನ ಮಾತು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಂಗಿಲ್ಲ."

ಹುಬ್ಬಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತ, ಕತೆ ಬರೆದು, ಅರ್ಥವಾಗಲಿಲ್ಲವೆಂದು ಬೈಸಿಕೊಳ್ಳುವ ನನಗೆ ಕಡೆಗೂ ಒಂದು ಸ್ಪಷ್ಟವಾದ ಕೆಲಸ ಸಿಕ್ಕಿತು. ಕಟ್ಟೆಯ ಮೇಲೆ ತುಂಬಿದ ಕೊಡ, ತಂಬಿಗೆ, ಹೊಸ ಸಾಬೂನು. ನನ್ನ ಹೆಗಲ ಮೇಲೊಂದು ಟವೆಲು. ಯಾರಿಗೆ ಹೇಳಬೇಕು, ಯಾರನ್ನು ಬಿಡಬೇಕು ಎಂದು ಆರಿಸತೊಡಗಿದರೆ ಯಾರ ಕೈ ಮಡಿ, ಯಾರದು ಮೈಲಿಗೆ ಎಂಬ ಊರಿನ ಹಳೆಯ ಗಾಯ ಕೆದರಿದಂತೆ. ಹಾಗಾಗಿ ಎಲ್ಲರಿಗೂ ಒಂದೇ ಮಾತು ಎಂದು ನಿಶ್ಚಯಿಸಿದೆ.

ಮೊದಲು ಬಂದವರು ಎದುರು ಮನೆಯ ಕಾಕಾ ಮತ್ತು ಕಾಕಿ. ಕಾಕಿಯ ಕೈಯಲ್ಲಿ ಕೂಸಿಗೆ ತಂದ ಕುಲಾವಿ.

"ಬರ್ರಿ ಕಾಕಾ, ಕೈಕಾಲು ತೊಕ್ಕೊಳ್ರಿ."

ಕಾಕಾ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಾನು ನೀರು ಹಾಕಿದಂತೆ ಸಾಬೂನು ಹಚ್ಚಿ ಕೈ ತೊಳೆದು, ಕಾಲು ತೊಳೆದು, ನನ್ನ ಹೆಗಲ ಟವೆಲಿಗೆ ಒರೆಸಿ, ತೊಟ್ಟಿಲನ್ನು ದಾಟಿ ಹೋಗಿ ಗೋಡೆಗೆ ಬೆನ್ನು ಹಚ್ಚಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿದರು. ಬಾಜು ಕಾಕಿ. ಹಿಂದೆ ಬಂದ ಇಬ್ಬರು ಹೆಂಗಸರೂ ಹಾಗೆಯೇ ತೊಳೆದು ಸಾಲಾಗಿ ಕುಳಿತರು. ಕೂಸು ಎತ್ತಿಕೊಳ್ಳಲು ಪಾಳಿ ಹಚ್ಚಿದ್ದಾರೆ ಎಂದುಕೊಂಡು ನಾನು ಉಬ್ಬಿದೆ.

ಅಡಿಗೆ ಮನೆಯಿಂದ ಇಣುಕಿದ ಅವ್ವ ನನ್ನನ್ನು ಒಳಗೆಳೆದುಕೊಂಡಳು.

"ಏನಂದ್ಯೋ ಅವರಿಗೆ?"

"ಕೈಕಾಲು ತೊಕ್ಕೊಳ್ರಿ ಅಂದೆ."

"ಅಯ್ಯ ಶಿವನ! ಉಣ್ಣೋ ಹೊತ್ತಿನ್ಯಾಗ ಕೈಗೆ ನೀರು ಹಾಕಿದ್ರ ಊಟಕ್ಕ ಕರದಂಗ ಅಲ್ಲೇನೋ? ಹುಬ್ಬಳ್ಳಿ ನಳದ ನೀರಾಗ ಇದೂ ತೊಳಕೊಂಡು ಹೋತೇನು?"

ಹೌದು. ನಮ್ಮಲ್ಲಿ ಮಧ್ಯಾಹ್ನ ಕೈಗೆ ನೀರು ಬಿತ್ತೆಂದರೆ ಹಿಂದೆಯೇ ತಾಟು ಬರಬೇಕು. ನೀರು ಕೊಟ್ಟು ಉಣಿಸದೆ ಕಳಿಸಿದರೆ ಇಬ್ಬರಿಗೂ ಮರ್ಯಾದೆ ಉಳಿಯುವುದಿಲ್ಲ. ಅವ್ವ ರೊಟ್ಟಿ ಬಡಿಯಲು ಕುಳಿತಳು. ಆ ಸಪ್ಪಳ ನನ್ನ ಬೆನ್ನಿಗೇ ಬೀಳುತ್ತಿದೆ ಅನಿಸಿತು.

"ಅವಸರ ಮಾಡಬ್ಯಾಡ್ರಿ ವೈನಿ," ಎಂದರು ಕಾಕಾ ಹೊರಗಿನಿಂದ. "ನಾ ಮನ್ಯಾಗ ಉಂಡೇ ಬಂದೀನಿ. ಆದ್ರ ನೀರು ಕೊಟ್ಟ ಮ್ಯಾಲೆ ಒಲ್ಲೆ ಅನ್ನಾಕ ಬರತೈತೇನು?"

ರೊಟ್ಟಿ, ಹೆಸರುಕಾಳು ಪಲ್ಯ, ಎಣ್ಣೆ ಸುರಿದ ಶೇಂಗಾ ಚಟ್ನಿ. ಎಲ್ಲ ಮುಗಿಸಿ ಕಾಕಾ ಲೋಟದಲ್ಲಿ ಉಳಿದ ನೀರನ್ನು ತಾಟಿನಲ್ಲೇ ಬೆರಳಿಗೆ ತೋರಿಸಿ, ಧೋತರಕ್ಕೆ ಒರೆಸಿ, ನೆಟ್ಟಗೆ ತೊಟ್ಟಿಲಿನತ್ತ ಬಂದರು.

"ಎಲ್ಲಿ, ಕೊಡವಾ ಕೂಸಿನ್ನ."

ನನ್ನ ಸಾಬೂನೆಲ್ಲ ರೊಟ್ಟಿಯ ಜೊತೆ ಹೊಟ್ಟೆಗೆ ಹೋಗಿತ್ತು. ತಂಗಿ ತೊಟ್ಟಿಲಿಗೆ ಅಡ್ಡ ನಿಂತು ನನ್ನತ್ತ ನೋಡಿದಳು. ನಾನು ಬಾಯಿ ತೆರೆದೆ. ಮತ್ತೊಮ್ಮೆ ಕೈ ತೊಳೆಯಿರಿ ಎಂದರೆ ಮತ್ತೊಂದು ಊಟ! ಬಾಯಿ ಮುಚ್ಚಿದೆ.

"ಕಾಕಾ, ನಿಂದರ್ರಿ," ಎಂದಳು ತಂಗಿ. "ಸಾಬೂನು ಹಚ್ಚಿ ತೊಕ್ಕೊಂಡು ಬರ್ರಿ. ಊಟಕ್ಕಲ್ಲ, ಕೂಸಿಗೆ. ಡಾಕ್ಟರ್ ಹೇಳ್ಯಾರ. ನನಗ ಭಾಳ ಅಂಜಿಕಿ ಆಗತೈತ್ರಿ."

ಕಾಕಾ ಚಾಚಿದ ಕೈ ಹಿಂದೆ ತೆಗೆದರು. ಸಿಟ್ಟು ಬಂದದ್ದು ತಂಗಿಯ ಮೇಲಲ್ಲ.

"ಲೇ, ಇದನ್ನ ಬಾಯಿ ಬಿಟ್ಟು ಹೇಳಾಕ ನಿನಗೇನಾಗಿತ್ತು? ಎರಡು ರೊಟ್ಟಿ ಸುಮ್ಮನ ತಿನ್ನಿಸಿದ್ಯಲ್ಲೋ!"

"ಮೂರು," ಎಂದರು ಕಾಕಿ.

ಎಲ್ಲರೂ ಎದ್ದು ಮತ್ತೆ ತೊಳೆದರು. ಒರೆಸಲು ನನ್ನ ಹೆಗಲಿಗೆ ಕೈ ಹಾಕಿದಾಗ ತಂಗಿ ಚೀರಿದಳು: "ಅದಕ್ಕ ಬ್ಯಾಡ್ರಿ, ಅವ ಅದರಾಗ ಮುಂಜಾನಿಂದ ಬೆವರು ಒರಸ್ಯಾನ!" ಬೆವರು. ಅಂದರೆ ಬಿಸಿಲಿತ್ತು. ಮೊದಲ ಸಾಲನ್ನು ಹೊಡೆದು ಹಾಕಬೇಕಾಗಿರಲಿಲ್ಲವೇನೋ. ಕಾಕಾ ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕವರಂತೆ ನಿಂತು ಆರಿಸಿಕೊಂಡು, ಕೂಸನ್ನು ಎತ್ತಿಕೊಂಡರು.

ಕೊನೆಗೆ ನಾನು ಕೈ ಚಾಚಿದೆ.

"ನಿನ್ನ ಕೈಗೆ ಯಾರು ನೀರು ಹಾಕ್ಯಾರ?" ಎಂದು ಕಾಕಿ ತಂಬಿಗೆ ಕಸಿದುಕೊಂಡರು. ಊರ ಕೈ ತೊಳೆಸಿದವನ ಕೈ ಹಾಗೇ ಇತ್ತು. ಒಳಗಿನಿಂದ ಅವ್ವ, "ಅವಂಗೂ ತಾಟು ಹಚ್ಚಲೇನು?" ಎಂದಳು. ಅಂದಳೋ, ಇಲ್ಲಿ ಇದ್ದರೆ ಚೆಂದವೆಂದು ನಾನೇ ಇಟ್ಟೆನೋ. ಅವ್ವನನ್ನು ಕೇಳಿದರೆ ಎರಡಕ್ಕೂ ನಗುತ್ತಾಳೆ.

ಬಂದವರು ಹೋದ ಮೇಲೆ ತಂಗಿ ಕೂಸನ್ನು ನನ್ನ ಕೈಯಲ್ಲಿಟ್ಟು, ಅಲ್ಲೇ ಜಮಖಾನದ ಮೇಲೆ ಒರಗಿ, ಗೊರಕೆ ಹೊಡೆಯುವಷ್ಟು ಗಾಢವಾಗಿ ಮಲಗಿದಳು. ಇದು ನಾನು ಕಟ್ಟಿದ್ದಲ್ಲ, ಚೆನ್ನಾಗಿ ನೆನಪಿದೆ. ಯಾಕೆಂದರೆ ಆಗ ನನ್ನ ಮೂಗು ವಿಪರೀತ ತುರಿಸುತ್ತಿತ್ತು, ತೊಳೆದ ಕೈ ಕೆಡುತ್ತದೆಂದು ಅವಳು ಏಳುವವರೆಗೂ ನಾನು ಅದನ್ನು ಮುಟ್ಟಲಿಲ್ಲ.