ಸಮುದ್ರದ ಮೇಲಿನ ದಾರಿ, ಹರಿಹರದ ರೈಲು

ನಮ್ಮ ದಾವಣಗೆರೆಯವರಿಗೆ ಒಂದು ಚಟ. ಇನ್ನೂ ಚಪ್ಪಲಿ ಮೆಟ್ಟಿರುವುದಿಲ್ಲ, ಫೋನಿನಲ್ಲಿ ಮಾತ್ರ "ಬಂದೆ ಬಂದೆ, ಹದಡಿ ದಾಟೀನಿ" ಅಂದುಬಿಡುತ್ತೇವೆ. ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ನಾನಂತೂ ಇದರಲ್ಲಿ ಪಳಗಿದ ಕೈ.

ಮಗಳು ಚೆನ್ನೈನಲ್ಲಿ ವಿಮಾನಗಳಿಗೆ ದಾರಿ ಹೇಳುವ ಕೆಲಸದ ತರಬೇತಿಯಲ್ಲಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು. ರಜೆಗೆ ಬಂದವಳು ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿ ನನ್ನನ್ನೇ ಪೈಲಟ್ ಮಾಡಿದಳು. ಅದೂ ಎಂಥ ವಿಮಾನ! ಹಿಂದೊಂದು ಕಾಲಕ್ಕೆ ಹಾರುತ್ತಿದ್ದ, ಶಬ್ದಕ್ಕಿಂತ ವೇಗದ್ದು. ಬೇರೆ ವಿಮಾನಗಳ ದಾರಿ ಗಾಳಿ ನೋಡಿಕೊಂಡು ದಿನಾ ಬದಲಾಗುತ್ತಿತ್ತಂತೆ. ಇದರದ್ದು ಅವೆಲ್ಲದರ ತಲೆಯ ಮೇಲೆ, ಹೋಗಲು ಒಂದು, ಬರಲು ಒಂದು, ಬದಲಾಗದ ದಾರಿ. ನಡುಗಡಲಿಗೆ ರೇಡಾರ್ ಎಟುಕದು. ಗೊತ್ತು ಮಾಡಿದ ಒಂದೊಂದು ಜಾಗ ದಾಟಿದಾಗ ಪೈಲಟ್ ಹೇಳುವ ಮಾತೇ ಆಧಾರ.

ನಾನು ಅಭ್ಯಾಸಬಲದಿಂದ ಮೊದಲೇ "ದಾಟಿದೆ" ಅಂದೆ. ವಿಮಾನವಾಗಿದ್ದ ಕಡಲೆಕಾಳು ಇನ್ನೂ ಆ ಜಾಗದ ಗೆರೆಯ ಈಚೆಗಿತ್ತು.

"ಅಪ್ಪಾಜಿ, ನೀವು ದಾಟೀನಿ ಅಂದ್ರೆ ನಾನು ಹಿಂದಿನ ವಿಮಾನಕ್ಕೆ ಆ ಜಾಗ ಕೊಡ್ತೀನಿ. ಅದ್ರಾಗೂ ಜನ ಇರ್ತಾರೆ" ಎಂದು ರೇಗಿದಳು. ನನಗೂ ಸಿಟ್ಟು ಬಂತು. ಕಡಲೆಕಾಳನ್ನು ಬಾಯಿಗೆ ಹಾಕಿಕೊಂಡು ಎದ್ದುಬಿಟ್ಟೆ.

ಹೊರಡುವ ದಿನ ಬೆಳಿಗ್ಗೆ ಗೊತ್ತಾಯಿತು, ಅವಳ ವೈದ್ಯಕೀಯ ಪ್ರಮಾಣಪತ್ರ ಹರಿಹರದಲ್ಲಿ ನನ್ನ ಅಕ್ಕನ ಮನೆಯಲ್ಲಿ ಉಳಿದಿದೆ. ಹಿಂದಿನ ದಿನ ತನ್ನ ಸೋದರತ್ತೆಗೆ ಕಾಗದಗಳನ್ನು ತೋರಿಸಲು ಹೋಗಿ ಮರೆತಿದ್ದಳು. ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ನಾನು ಬೈಕ್ ಹತ್ತಿ ಓಡಿದೆ. ಪತ್ರ ಸಿಕ್ಕಿತು, ಆದರೆ ಅಕ್ಕ ಬಿಟ್ಟಾಳೆಯೇ? ತಿಂಡಿ ತಿನ್ನದೆ ಹೊಸ್ತಿಲು ದಾಟಕೂಡದು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ದಾವಣಗೆರೆ ಸ್ಟೇಷನ್ನಿನಿಂದ ಮಗಳ ಫೋನು: "ಅಪ್ಪಾಜಿ, ಎಲ್ಲದೀರಿ?"

"ಬಂದೆ" ಎಂಬುದು ತುಟಿಯವರೆಗೆ ಬಂದಿತ್ತು. ನಕ್ಷೆಯ ಮುಂದೆ ತಿಂದ ಆ ಬೈಗುಳ ನೆನಪಾಗಿ ನುಂಗಿಕೊಂಡೆ.

"ಹರಿಹರದಾಗೇ ಅದೀನವ್ವಾ. ಉಪ್ಪಿಟ್ಟು ತಿಂತಾ ಕೂತೀನಿ."

ಉಗಿಯುತ್ತಾಳೆ ಅಂದುಕೊಂಡೆ. ಉಗಿಯಲಿಲ್ಲ. "ಹಂಗಾರೆ ಬೈಕ್ ಅಲ್ಲೇ ಬಿಡ್ರಿ. ರಸ್ತೆ ಮ್ಯಾಲೆ ಬಂದ್ರೆ ರೈಲು ತಪ್ಪುತ್ತೆ. ಅದು ಮೊದ್ಲು ಹರಿಹರಕ್ಕೇ ಬರ್ತೈತೆ, ಇನ್ನ ಹತ್ತು ನಿಮಿಷ ಐತೆ. ಅದ್ರಾಗೇ ಹತ್ಕೊಂಡು ಬರ್ರಿ."

ತಟ್ಟೆ ಇಟ್ಟು ಓಡಿದೆ. ಟಿಕೆಟ್ ಕೊಂಡು ಏದುಸಿರು ಬಿಡುತ್ತಾ ರೈಲು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಪತ್ರವನ್ನು ಅವಳ ಕೈಗಿಟ್ಟಾಗ ಹೋದ ಜೀವ ಬಂದಂತಾಯಿತು.

ರೈಲು ನಿಧಾನಕ್ಕೆ ಹೊರಟಿತು. ಬಾಗಿಲಲ್ಲಿ ನಿಂತು ಅವಳು ಅಂದಳು:

"ಚಿಕ್ಕೋಳಿದ್ದಾಗಿಂದ ನೀವು ಎಲ್ಲೇ ಅದೀನಿ ಅಂದ್ರೂ ಆಮ್ಯಾಲೆ ಅಮ್ಮನ್ನ ಕೇಳಿ ಖಾತ್ರಿ ಮಾಡ್ಕೋತಿದ್ದೆ ಅಪ್ಪಾಜಿ. ಇವತ್ತು ಕೇಳ್ಲಿಲ್ಲ."