ಹೊತ್ತು ಕಂತಿದ ಮೇಲೆ ಬರುವ ತಾಯಿ

ರಾತ್ರಿಯ ಅನ್ನಕ್ಕೆ ಅಕ್ಕಿ ತೊಳೆದ ನೀರನ್ನು ಹಿತ್ತಲ ಪೊದೆಗೆ ಸುರಿಯುವುದು ಹರಿಣಾಕ್ಷಿಯ ರೂಢಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯೊಂದರ ಮೆಸ್ಸಿನಲ್ಲಿ ಅವಳು ಒಂಬತ್ತು ವರ್ಷದಿಂದ ಅಡುಗೆಯವಳು. ಹಿತ್ತಲ ಬಾಗಿಲಾಚೆ ಬರೀ ಮರಳು, ನಾಲ್ಕು ಪೊದೆ. ಆ ಮಧ್ಯಾಹ್ನ ಪೊದೆಯ ಬುಡದಲ್ಲಿ ಮುಷ್ಟಿಯಷ್ಟು ಮೊಲದ ಮರಿಯೊಂದು ಅಲುಗಾಡದೆ ಕೂತಿತ್ತು. ಮರಳಿನದೇ ಬಣ್ಣ, ಮೈಗೆ ಮೀರಿದ ಕಿವಿ. ತಾಯಿಯ ಸುಳಿವಿಲ್ಲ.

“ಎಂಥ ತಾಯಿಯಪ್ಪ ಇವಳು! ಬಿಟ್ಟು ಹೋಗ್ಲಿಕ್ಕೆ ಮನಸ್ಸಾದ್ರೂ ಹೇಗೆ ಬಂತು?”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅತ್ತೆ ಅವಳಿಗೆ ಅಂದ ಮಾತದು. ಬಾಣಂತನಕ್ಕೆ ಕಾರ್ಕಳಕ್ಕೆ ಹೋದವಳು, ದುಬೈಯಿಂದ ಹೊರಗೆ ಆರು ತಿಂಗಳು ದಾಟಿದರೆ ವೀಸಾ ಹೋಗುತ್ತದೆಂದು, ನಾಲ್ಕು ತಿಂಗಳ ಅಕ್ಷಿತಾಳನ್ನು ಅಮ್ಮನ ಮಡಿಲಿಗೆ ಹಾಕಿ ವಿಮಾನ ಹತ್ತಿದ್ದಳು. ಇದೇ ಕಾರ್ಖಾನೆಯ ಗೋದಾಮಿನಲ್ಲಿರುವ ಗಂಡ ಪೂವಪ್ಪ, ಮಗುವಿನ ಮುಖ ನೋಡಿ ಹತ್ತೇ ದಿನಕ್ಕೆ ಹೊರಟಿದ್ದ. ಅವನಿಗೆ ಯಾರೂ ಏನೂ ಅಂದಿರಲಿಲ್ಲ. ಏಳು ವರ್ಷದ ಅಕ್ಷಿತಾ ಈಗ ಅಜ್ಜಿಯನ್ನು ಅಮ್ಮ ಅನ್ನುತ್ತಾಳೆ, ಇವಳನ್ನು ದುಬೈ ಅಮ್ಮ.

ಇದನ್ನಾದರೂ ಉಳಿಸಿಕೊಳ್ಳಬೇಕೆಂದು ಮರಿಯನ್ನು ಏಪ್ರನ್ನಿನಲ್ಲಿ ಸುತ್ತಿ ಒಳಗೆ ತಂದಳು. ಹಾಲಿನ ಪುಡಿ ಕದಡಿ, ದೇವರ ದೀಪದ ಬತ್ತಿ ಅದ್ದಿ, ಹನಿಹನಿಯಾಗಿ ಬಾಯಿಗಿಟ್ಟಳು. ಹಾಲು ಮೂಗಿನಿಂದ ಹೊರಬಂತು.

ನಾಲ್ಕು ಗಂಟೆಗೆ ತರಕಾರಿ ಗಾಡಿಯ ಉಮ್ಮರಬ್ಬ ಬಂದ. ಹಿಂದೆ ಮರಳುಗಾಡಿನಲ್ಲಿ ಒಂಟೆ ನೋಡಿಕೊಂಡಿದ್ದವನು.

“ಎಂತ ಮಾಡಿದ್ರಿ ಹರಿಣಾಕ್ಷಕ್ಕ! ತಾಯಿ ಬಿಟ್ಟು ಹೋದದ್ದಲ್ಲ. ಹಗಲು ಹತ್ತಿರ ಇದ್ರೆ ನರಿಗೆ ಗೊತ್ತಾಗ್ತದೆ, ಅದಕ್ಕೇ ದೂರ ಇರುದು. ಹೊತ್ತು ಕಂತಿದ ಮೇಲೆ ಬಂದು ಹಾಲು ಕೊಡ್ತದೆ. ಯಲ್ಲಾ, ಬೇಗ ಬೇಗ, ಇದ್ದಲ್ಲೇ ಇಟ್ಟು ಬನ್ನಿ!”

ಅವಳು ಓಡಿದಳು. ಪೊದೆಯ ಬುಡದಲ್ಲಿ ಇಳಿಸುವಾಗ ಮರಿಯ ಕತ್ತು ಅಂಗೈಯಿಂದ ಜೋತುಬಿತ್ತು.

ಸಂಜೆ ಪೂವಪ್ಪ ಹಿತ್ತಲಿಗೆ ಇಣುಕಿದ. “ಚಪಾತಿಗೆ ಇನ್ನೂ ಕಲಸಿಲ್ವಾ? ಒಂದು ಮೊಲಕ್ಕೆ ಇಷ್ಟೆಲ್ಲ ಎಂತ ಮಾರಾಯ್ತಿ?”

ಅವಳು ಕದಲಲಿಲ್ಲ. ಬೆಳಕು ಕೆಂಪಾಗಿ ಕರಗುವಾಗ ಮರಳ ದಿಬ್ಬದ ಮೇಲೆ ಮೊದಲು ಎರಡು ಕಿವಿ ಕಂಡವು. ತಾಯಿ ನೇರ ಪೊದೆಗೆ ಬಂತು. ಮರಿಯನ್ನು ಮೂಸಿತು, ಮೂಗಿನಿಂದ ನೂಕಿತು. ಆಮೇಲೆ ಅದರ ಮೇಲೆ ಮೈ ಬಾಗಿಸಿ, ಹಾಲೂಡಿಸಲು ಕಾದು ನಿಂತಿತು.

ಮರುಸಂಜೆಯೂ ತಾಯಿಮೊಲ ಬಂತು, ಅದರ ಮರುಸಂಜೆಯೂ. ಹರಿಣಾಕ್ಷಿ ಹಿಟ್ಟು ಬೇಗ ಕಲಸಿಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು.

ನಾಲ್ಕನೆಯ ಸಂಜೆ ಮೊಲ ಬರಲಿಲ್ಲ. ಹರಿಣಾಕ್ಷಿ ಬಂದಿದ್ದಳು.